ಇಲ್ಲದವನಿಗೆ ಐದು-ಒಂಬತ್ತು

ಬೆಳಿಗ್ಗೆ ಏಳು ಗಂಟೆ ಆರು ನಿಮಿಷಕ್ಕೆ ಬುರುಲ್ ಚಹಾದ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿದ ರಭಸಕ್ಕೆ ಅರ್ಧ ಚಹಾ ರೇಡಿಯೋದ ಗುಂಡಿಗಳ ಮೇಲೆ ಚೆಲ್ಲಿತು.

"ಕೇಳಿಸ್ತಾ?" ಎಂದು ಗಂಡನ ಕಡೆ ತಿರುಗಿದಳು.

ಜೋಲ್ದೋಶ್ ಕರಿದ ಹಿಟ್ಟಿನುಂಡೆ ಬೋರ್ಸೋಕನ್ನು ಕೆನೆಯಲ್ಲಿ ಅದ್ದುತ್ತಿದ್ದ. "ಏನು?"

"ಏನೂ ಇಲ್ಲ! ಅದನ್ನೇ ಹೇಳ್ತಿರೋದು. ಶಾರ್ಶೆನ್ ಬಾಯೇ ಬಿಡಲಿಲ್ಲ. ಆ ಕುಬಾತ್ ಅವನ ಹೆಸರು ಕೂಗಿದ, ಐದು-ಒಂಬತ್ತು ಅಂದ, ಮುಂದಕ್ಕೆ ಹೋದ. ಇಲ್ಲದವನಿಗೆ ಐದು-ಒಂಬತ್ತು!"

"ಕೊಟ್ರೆ ಕೊಟ್ಟ. ನಿನ್ನಪ್ಪನ ಮನೆ ಗಂಟು ಏನು ಹೋಯ್ತು?"

ಈ ಪ್ರಶ್ನೆ ಕೇಳಬಾರದಾಗಿತ್ತು ಎಂದು ಕೇಳಿ ಮುಗಿಸುವಷ್ಟರಲ್ಲಿ ಅವನಿಗೇ ಗೊತ್ತಾಯಿತು. ಅವನು ಹೆಂಡತಿಯನ್ನು ಕರೆಯುತ್ತಿದ್ದದ್ದು ಕೆಂಪಿರ್ ಎಂದು. ಮುದುಕಿ ಎಂದರ್ಥ. ಸಿಟ್ಟು ಬಂದಾಗ ಆಕೆಯ ಮುಖಕ್ಕೆ ಆ ಹೆಸರಿಗೊಪ್ಪುವ ಬಣ್ಣವೇ ಬರುತ್ತಿತ್ತು. ಈಗ ಬಂದಿತ್ತು.

ಹವ್ಯಾಸಿ ರೇಡಿಯೋದವರು ಒಬ್ಬರಿಗೊಬ್ಬರು ಅಂಕ ಕೊಡುವವರು. ಮಾತು ಎಷ್ಟು ಸ್ಪಷ್ಟ ಎಂಬುದಕ್ಕೆ ಐದರವರೆಗೆ, ಸದ್ದು ಎಷ್ಟು ಬಲ ಎಂಬುದಕ್ಕೆ ಒಂಬತ್ತರವರೆಗೆ. ಐದು-ಒಂಬತ್ತು ಎಂದರೆ ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ. ಅದನ್ನು ಗಳಿಸಲು ಒಂದು ಕಾಲದಲ್ಲಿ ಜನ ಮನೆಯ ಮೇಲೆ ಇನ್ನೊಂದು ಮನೆಯಷ್ಟು ಎತ್ತರದ ಕಂಬ ನೆಡುತ್ತಿದ್ದರು. ಆಮೇಲೆ ಸ್ಪರ್ಧೆಗಳು ಬಂದವು. ಗಂಟೆಗೆ ಇನ್ನೂರು ಜನರನ್ನು ಮಾತಾಡಿಸಿ ಮುಗಿಸುವ ಅವಸರದಲ್ಲಿ ಯಾರಿಗೆ ಯಾರು ಕಿವಿ ಕೊಡುತ್ತಾರೆ? ಗೊರಗೊರ ಎಂದವನಿಗೂ ಐದು-ಒಂಬತ್ತು, ಕುಂಯ್ ಎಂದವನಿಗೂ ಐದು-ಒಂಬತ್ತು. ಮದುವೆ ಮನೆಯಲ್ಲಿ ಎಲ್ಲ ಮದುಮಗಳೂ ಸುಂದರಿಯೇ ಆಗುವ ಹಾಗೆ, ಗಾಳಿಯಲ್ಲಿ ಎಲ್ಲರೂ ಐದು-ಒಂಬತ್ತೇ ಆದರು. ಇದು ಸುಳ್ಳಲ್ಲ, ಮರ್ಯಾದೆ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಒಪ್ಪದೆ ಉಳಿದದ್ದು ನಾರಿನ್ ಊರಿನ ಈ ಒಬ್ಬ ನಾರಿ. ಬುರುಲ್ ಮುಂದೆ ಬುರುಡೆ ನಡೆಯುತ್ತಿರಲಿಲ್ಲ.

ಆಕೆ ಮೂವತ್ತೊಂದು ವರ್ಷ ಅಂಚೆ ಕಚೇರಿಯಲ್ಲಿ ತಂತಿ ಕಳಿಸಿದವಳು. ಹದಿನೇಳರ ಹುಡುಗಿಯಾಗಿ ರೇಡಿಯೋ ಕ್ಲಬ್ಬಿಗೆ ಮೊದಲ ಸಲ ಹೋದಾಗ ಅಲ್ಲಿನ ಗಂಡಸರು, "ಬಂದೆಯಾ ತಂಗಿ, ಚಹಾ ಹಾಕು" ಎಂದಿದ್ದರು. ಹಾಕಿದಳು. ಹಾಕಿಕೊಟ್ಟು ಮೋರ್ಸ್ ಕೀಲಿಯ ಮುಂದೆ ಕೂತು, ಅವರ ಬಟ್ಟಲು ಬರಿದಾಗುವ ಮೊದಲು ಅಲ್ಲಿದ್ದ ಆರೂ ಜನರಿಗಿಂತ ವೇಗವಾಗಿ ಪತ್ರಿಕೆಯ ಒಂದು ಪುಟವನ್ನೇ ಕಳಿಸಿದಳು. ಆವತ್ತಿನ ಸಿಟ್ಟು ಇನ್ನೂ ಪೂರ್ತಿ ಆರಿರಲಿಲ್ಲ ಎನ್ನುವವರಿದ್ದರು.

ತೊಂಬತ್ತರ ದಶಕದಲ್ಲಿ ದೇಶವೇ ಹೆಸರು ಬದಲಿಸಿಕೊಂಡು ಬಡವಾದಾಗ, ಕಣಿವೆಗಳ ಟೆಲಿಫೋನಿನ ತಾಮ್ರದ ತಂತಿಯನ್ನು ಕಳ್ಳರು ಮೈಲಿಗಟ್ಟಲೆ ಸುತ್ತಿ ಗುಜರಿಗೆ ಹಾಕಿದರು. ತಂತಿ ಹೋಯಿತು, ತಂಟೆ ಉಳಿಯಿತು. ಮೇಲಿನ ಹಳ್ಳಿಯಲ್ಲಿ ಹೆರಿಗೆಯಾದರೆ ಕೆಳಗಿನವರಿಗೆ ಗೊತ್ತಾಗುವ ಹೊತ್ತಿಗೆ ಕೂಸಿಗೆ ಹಲ್ಲು ಬಂದಿರುತ್ತಿತ್ತು. ಆಗ ಬುರುಲ್ ತನಗೆ ಗೊತ್ತಿದ್ದ ಏಳು ರೇಡಿಯೋ ಹುಚ್ಚರನ್ನು ಹಿಡಿದು, ದಿನಾ ಬೆಳಿಗ್ಗೆ ಏಳಕ್ಕೆ ಒಂದೇ ತರಂಗದ ಮೇಲೆ ಸೇರಿಸಿದಳು. ಅದಕ್ಕೆ ದುಂಡುಮೇಜು ಎಂದು ಹೆಸರಾಯಿತು. ಏಳು ಜನ ಹತ್ತೊಂಬತ್ತಾದರು. ಅಲೆಮಾರಿಗಳ ಮೊಮ್ಮಕ್ಕಳು ಅಲೆಗಳಿಗೇ ಮಾರುಹೋದರು.

ಆ ಮೇಜಿಗೆ ಆಕೆ ಹಾಕಿದ್ದ ಕಟ್ಟಳೆ ಒಂದೇ. ಎಲ್ಲರಿಗಿಂತ ಕ್ಷೀಣ ದನಿಯವನು ಮೊದಲು, ಗಟ್ಟಿ ದನಿಯವನು ಕಡೆಗೆ. ಹಬ್ಬದೂಟದಲ್ಲಿ ಕುರಿಯ ಮೂಳೆ ಹಂಚುವಾಗ ದೊಡ್ಡವರಿಗೆ ದೊಡ್ಡ ಮೂಳೆ ಮೊದಲು ಹೋಗುವ ನಾಡಿನಲ್ಲಿ ಇದು ತಲೆಕೆಳಗಾದ ಮಾತು. ಹಿರಿಯರು ಗೊಣಗಿದರು. "ಗಟ್ಟಿಯಾಗಿ ಕೂಗೋನು ಎಲ್ಲಿದ್ರೂ ಕೇಳಿಸ್ತಾನೆ. ಅವನು ಕಾಯಲಿ," ಎಂದಳು ಬುರುಲ್. ಪ್ರತಿ ಹೆಸರು ಕೂಗಿದ ಮೇಲೆ ಹತ್ತು ಎಣಿಸುವವರೆಗೆ ಎಲ್ಲರೂ ಸುಮ್ಮನಿರಬೇಕು. ಆ ಮೌನದೊಳಗಿಂದಲೇ ಶಾರ್ಶೆನ್ ಬರುತ್ತಿದ್ದ.

ಶಾರ್ಶೆನ್‌ಗೆ ಅರವತ್ತೆಂಟು. ಕಣಿವೆಯ ಆಚೆಯ ಕಣಿವೆಯಲ್ಲಿ, ರಸ್ತೆಯವರಿಗಾಗಿ ಹಿಮದ ಆಳ ಅಳೆಯುತ್ತ, ಚಳಿಗಾಲವಿಡೀ ಒಂಟಿ ಗುಡಿಸಿಲಿನಲ್ಲಿ ಇರುವವನು. ಅಲ್ಲಿ ಮೊಬೈಲಿನ ಸದ್ದಿಲ್ಲ. ಅವನ ಕೈಯಲ್ಲೇ ಮಾಡಿದ ರೇಡಿಯೋ ಮೂರು ವ್ಯಾಟಿನದು. ಆಡಿದ್ದು ಅರ್ಧ ಕೇಳುತ್ತಿತ್ತು. ಮೋರ್ಸ್ ಕುಟ್ಟಿದರೆ ಬುರುಲ್‌ಗೂ ಆತ್-ಬಾಶಿಯ ಶಾಲೆ ಮೇಡಂ ಝೈನಾಗೂ ಪೂರ್ತಿ ಕೇಳುತ್ತಿತ್ತು. "ಹಿಮ ಎಂಬತ್ತು, ಗಾಳಿ ಇದೆ, ನಾನೂ ಇದೀನಿ" ಎಂದು ಕುಟ್ಟಿ ಮುಗಿಸುತ್ತಿದ್ದ. ಆ ಕಡೆಯ ಎರಡು ಪದಕ್ಕಾಗಿಯೇ ದುಂಡುಮೇಜು ಇತ್ತೆಂದು ಬುರುಲ್ ನಂಬಿದ್ದಳು.

ಕಳೆದ ಶರತ್ಕಾಲದಲ್ಲಿ ಕ್ಲಬ್ಬಿಗೆ ಹೊಸ ಅಧ್ಯಕ್ಷ ಬಂದ. ಕುಬಾತ್, ನಲವತ್ತರವನು, ಮೊಬೈಲ್ ಅಂಗಡಿಯವನು. ಗೋಡೆ ತುಂಬ ಸ್ಪರ್ಧೆಯ ಪ್ರಶಸ್ತಿಗಳು, ಮೇಜಿನ ಕೆಳಗೆ ಒಲೆಯಷ್ಟು ಬಿಸಿಯಾಗುವ ಸಾವಿರ ವ್ಯಾಟಿನ ಯಂತ್ರ. ಸಭೆಯಲ್ಲಿ ಎದೆಯ ಮೇಲೆ ಕೈಯಿಟ್ಟು, "ಎಜೆ, ನೀವು ನಮಗೆಲ್ಲ ಅಕ್ಕ. ಇಷ್ಟು ವರ್ಷ ದುಡಿದಿರಿ. ಇನ್ನು ವಿಶ್ರಾಂತಿ ತಗೊಳ್ಳಿ" ಎಂದ. ಒಂದು ಹೂದಾನಿಯನ್ನೂ ಕೊಟ್ಟ. ಮುಂದಿನ ವಾರದಿಂದ ಒಂದು ಗಂಟೆಯ ದುಂಡುಮೇಜು ಒಂಬತ್ತು ನಿಮಿಷಕ್ಕೆ ಇಳಿಯಿತು. ಅಕ್ಷರಮಾಲೆಯ ಕ್ರಮದಲ್ಲಿ ಪಟ್ಟಿ. ಹೆಸರು, ಐದು-ಒಂಬತ್ತು, ಮುಂದೆ. ಎಲ್ಲರಿಗೂ ಬಣ್ಣದ ಪ್ರಮಾಣಪತ್ರ. ಜನಕ್ಕೆ ಖುಷಿಯೋ ಖುಷಿ. ಬುರುಲ್ ಹೂದಾನಿಯಲ್ಲಿ ಹಳೇ ಸ್ಕ್ರೂಗಳನ್ನು ಹಾಕಿಟ್ಟು, ದಿನಾ ಕಿವಿ ಕೊಟ್ಟು, ದಿನಾ ಕುದಿಯುತ್ತಿದ್ದಳು. ಆದರೂ ಪ್ರತಿದಿನ ಪಟ್ಟಿಯ ಸದ್ದಿನ ಅಡಿಯಲ್ಲಿ ಶಾರ್ಶೆನ್‌ನ ಟಕಟಕ ಅವಳಿಗೆ ಕೇಳಿಸುತ್ತಿತ್ತು. ಕುಬಾತ್‌ಗೆ ಕೇಳಿಸದಿದ್ದರೇನು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಈವತ್ತು ಟಕಟಕವೂ ಇರಲಿಲ್ಲ. ಹಿಂದಿನ ಎರಡು ದಿನ ಅವಳೇ ಇರಲಿಲ್ಲ. ನಾದಿನಿಯ ಮೊಮ್ಮಗನ ತೊಟ್ಟಿಲ ಶಾಸ್ತ್ರಕ್ಕೆ ಹೋಗಿದ್ದಳು.

ಮೈಕು ಹಿಡಿದು, ನಿಯಮ ಮುರಿದು, ನಡುವೆ ನುಗ್ಗಿದಳು. "ಕುಬಾತ್! ಶಾರ್ಶೆನ್ ಮಾತಾಡಿದ್ದು ನಿನಗೆ ಕೇಳಿಸ್ತಾ?"

"ಎಜೆ, ನಮಸ್ಕಾರ, ನೀವೂ ಐದು-ಒಂಬತ್ತು. ಅವರ ಹಾಜರಿ ಹಾಕಿದೀನಿ."

"ಹಾಜರಿ ಕೇಳಲಿಲ್ಲ ನಾನು. ಕೇಳಿಸ್ತಾ ಅಂದೆ."

"ಆ ಬೈಕೆ ಯಾವತ್ತೂ ತಪ್ಪಿಸಲ್ಲ, ಎಜೆ. ಇಡೀ ತಿಂಗಳು ನೂರಕ್ಕೆ ನೂರು. ಅವರಿಗೆ ಚಿನ್ನದ ಅಂಚಿನ ಪ್ರಮಾಣಪತ್ರ ಬರ್ತಿದೆ. ಮುಂದೆ!"

ಬೈಕೆ ಎಂದರೆ ಅಲ್ಲಿ ಅಣ್ಣ. ಬುರುಲ್ ಆಮೇಲೆ ಆಡಿದ್ದರಲ್ಲಿ ಮಾತ್ರ ಅಣ್ಣತಮ್ಮಂದಿರ ಸಂಬಂಧ ಯಾವುದೂ ಇರಲಿಲ್ಲ, ಬರೀ ಬೈಗುಳವಿತ್ತು. ಪುಣ್ಯಕ್ಕೆ ಮೈಕು ಆರಿಸಿದ್ದಳು.

"ಆತ್-ಬಾಶಿಯ ಝೈನಾನ ಕೇಳು," ಎಂದ ಜೋಲ್ದೋಶ್, ಈಗ ತಿಂಡಿ ಬಿಟ್ಟು.

ಮೊಬೈಲಿನಲ್ಲಿ ಝೈನಾ ತಡವರಿಸಿದಳು. "ಎಜೆ, ನಂಗೂ ಕೇಳಿಸಿಲ್ಲ, ಸೋಮವಾರದಿಂದ. ಆದ್ರೆ ಕುಬಾತ್ ಬೈಕೆ ಐದು-ಒಂಬತ್ತು ಅಂದ್ರಲ್ಲ. ನನ್ನ ಏರಿಯಲ್ ತಂತೀನೇ ಸರಿ ಇಲ್ಲ ಅಂದ್ಕೊಂಡೆ."

ಬುರುಲ್ ಫೋನಿಟ್ಟಳು. ಕೆಂಪು ಇಳಿದು ಬಿಳಿಚಿಕೊಂಡಿದ್ದಳು. "ಮೂರು ದಿನ! ತನ್ನ ಕಿವೀನ ಬಿಟ್ಟು ಅವನ ಪಟ್ಟೀನ ನಂಬಿದಾಳೆ. ಜೀಪಿಗೆ ಸರಪಳಿ ಕಟ್ಟು."

"ಹಿಮ ಎಷ್ಟಿದೆಯೋ ಯಾರಿಗೆ ಗೊತ್ತು, ಕೆಂಪಿರ್?"

"ಅಳೆಯೋನೇ ಅಲ್ಲಿ ಬಿದ್ದಿದಾನೆ. ಕಟ್ಟು ಅಂದೆ."

ನಾಲ್ಕು ಗಂಟೆಯ ದಾರಿಗೆ ಎಂಟು ಗಂಟೆ ಹಿಡಿಯಿತು. ಎರಡು ಕಡೆ ಸಲಿಕೆ ಹಿಡಿದು ದಾರಿ ಬಿಡಿಸಬೇಕಾಯಿತು. ಹೊತ್ತು ಇಳಿಯುವ ಮುಂಚೆ ಗುಡಿಸಿಲು ಕಂಡಾಗ ಹೊಗೆ ತೆಳ್ಳಗೆ ಏಳುತ್ತಿತ್ತು. ಏರಿಯಲ್ ತಂತಿ ಹಿಮದಲ್ಲಿ ಹುಗಿದುಹೋಗಿತ್ತು. ಒಳಗೆ ಶಾರ್ಶೆನ್ ಒಲೆಯ ಪಕ್ಕ ಒರಗಿದ್ದ. ಒಂದು ಪಾದ ಕುಂಬಳಕಾಯಿಯ ಹಾಗೆ ಊದಿತ್ತು. ಬಾಗಿಲಿಗೆ ಹೋಗಲಾಗದೆ ಕಿಟಕಿ ಅಂಚಿನ ಹಿಮ ಕರಗಿಸಿ ಕುಡಿಯುತ್ತ, ಗಟ್ಟಿ ಮೊಸರುಂಡೆ ಕುರುತ್ ಚೀಪುತ್ತ ದಿನ ತಳ್ಳಿದ್ದ. ಸೌದೆಯಲ್ಲಿ ನಾಲ್ಕು ತುಂಡು ಉಳಿದಿದ್ದವು.

"ಬಂದೆಯಾ?" ಎಂದ. "ಯಾಕೆ ಬಂದೆ? ನಾನು ಐದು-ಒಂಬತ್ತು ಇದೀನಂತಲ್ಲ."

"ನಿಂಗೆ ಕೇಳಿಸ್ತಿತ್ತಾ?"

"ಕೇಳೋಕೇನು, ನೆಲದ ಮೇಲೆ ಎಳೆದಿರೋ ತುಂಡು ತಂತೀಲೂ ಆ ಸಾವಿರ ವ್ಯಾಟಿನೋನು ಕೇಳಿಸ್ತಾನೆ. ಕಂಬ ಬಿತ್ತು, ಕಟ್ಟೋಕೆ ಏಣಿ ಹತ್ತಿದೆ, ನಾನೂ ಬಿದ್ದೆ. ಬೆಳಿಗ್ಗೆ ನಾನು ಬರದಿದ್ರೆ ಯಾರಾದ್ರೂ ಕೇಳ್ತಾರೆ ಅಂತ ಕಾದೆ. ಮೊದಲನೇ ದಿನ ಐದು-ಒಂಬತ್ತು ಅಂದ, ನಗು ಬಂತು. ಎರಡನೇ ದಿನ ಅಂದ, ಅವನ ಏಳು ತಲೆಮಾರನ್ನೂ ಬೈದೆ. ಈವತ್ತು ಬೆಳಿಗ್ಗೆ ಅಂದಾಗ... ನಾನೇ ಮಾತಾಡಿದೀನೇನೋ ಅನ್ನಿಸ್ತು, ಬುರುಲ್. ಜ್ವರ ಇತ್ತು. ಬೆಚ್ಚಗಿದೆಯಾ ಅಂತ ಕೀಲಿ ಮುಟ್ಟಿ ನೋಡಿದೆ."

ಬುರುಲ್ ಪಾದಕ್ಕೆ ಹಲಗೆ ಕಟ್ಟಿದಳು, ಸೂಪು ಕಾಯಿಸಿದಳು, ಎರಡನ್ನೂ ಅಗತ್ಯಕ್ಕಿಂತ ಜೋರಾಗಿ ಮಾಡಿದಳು. ಬೆಳಕಿರುವಷ್ಟರಲ್ಲಿ ಜೋಲ್ದೋಶ್ ಕಂಬ ನಿಲ್ಲಿಸಿ ತಂತಿ ಎಳೆದ. ಕತ್ತಲಲ್ಲಿ ಇಳಿಯುವುದು ಸಾಧ್ಯವಿರಲಿಲ್ಲ. ಬೆಳಗಾದೊಡನೆ ಆಸ್ಪತ್ರೆಗೆ ಹೊರಡೋಣ ಎಂದರೆ ಶಾರ್ಶೆನ್ ಹಟ ಹಿಡಿದ: "ಏಳು ಗಂಟೆ ಮುಗೀದೆ ನಾನು ಬರಲ್ಲ. ನಾಲ್ಕನೇ ಸಲ ಹೇಳ್ತಾನಾ ನೋಡಬೇಕು."

ಬೆಳಿಗ್ಗೆ ಏಳಕ್ಕೆ ಮೂವರೂ ಆ ಪುಟ್ಟ ಪೆಟ್ಟಿಗೆಯ ಮುಂದೆ ಕೂತರು. ಕುಬಾತ್‌ನ ಧ್ವನಿ ಗುಡಿಸಿಲನ್ನೇ ತುಂಬಿತು. ಹೆಸರು, ಐದು-ಒಂಬತ್ತು, ಮುಂದೆ. ಹೆಸರು, ಐದು-ಒಂಬತ್ತು, ಮುಂದೆ.

"ನಿನ್ನ ಸರದಿ ಬಂದಾಗ ಕೀಲಿ ಮುಟ್ಟಬೇಡ," ಎಂದಳು ಬುರುಲ್.

"ಶಾರ್ಶೆನ್ ಬೈಕೆ! ಐದು-ಒಂಬತ್ತು, ಸೊಗಸಾಗಿ ಬರ್ತಿದೀರಿ. ಮುಂದೆ..."

ಬುರುಲ್ ಕೀಲಿಗೆ ಕೈ ಹಾಕಿದಳು. ಮೂರು ವ್ಯಾಟು ಕುಬಾತ್‌ನ ಕಿವಿಗೆ ಬೀಳುವಂತಿರಲಿಲ್ಲ. ಅವನು ಮುಂದಿನ ಹೆಸರಿಗೆ ಹೋಗಿಯಾಗಿತ್ತು. ಆದರೆ ಮೂವತ್ತೊಂದು ವರ್ಷ ತಂತಿ ಕಳಿಸಿದ ಬೆರಳಿನ ಕುಣಿತ ಗೊತ್ತಿದ್ದವಳು ಒಬ್ಬಳು ಕೇಳುತ್ತಿದ್ದಳು.

"ನಿಲ್ಲಿಸಿ!" ಝೈನಾಳ ದನಿ ನಡುಗಿತು. "ಕುಬಾತ್ ಬೈಕೆ, ದಯವಿಟ್ಟು ಸುಮ್ನಿರಿ. ಶಾರ್ಶೆನ್ ಬೈಕೆಯ ಗುಡಿಸಿಲಿಂದ ಬುರುಲ್ ಎಜೆ ಕುಟ್ತಿದಾರೆ. ನಾನು ಓದ್ತೀನಿ. 'ಈ... ಮನೇಲಿ... ನಾಲ್ಕು ದಿನದಿಂದ... ಯಾರೂ ಮಾತಾಡಿಲ್ಲ. ಕಾಲು ಮುರಿದಿದೆ. ನೀನು... ಐದು-ಒಂಬತ್ತು ಕೊಟ್ಟದ್ದು... ಯಾರಿಗೆ?'"

ಗಾಳಿ ಖಾಲಿಯಾಯಿತು. ಹತ್ತಲ್ಲ, ಮೂವತ್ತು ಎಣಿಸುವಷ್ಟು.

"ಎಜೆ, ಪಟ್ಟಿ ಇತ್ತು..." ಎಂದ ಕುಬಾತ್ ಕೊನೆಗೆ. "ಸ್ಪರ್ಧೇಲಿ ಎಲ್ಲರೂ ಹೀಗೇ ಮಾಡ್ತಾರೆ."

ಬುರುಲ್ ಕುಟ್ಟಿದಳು, ಝೈನಾ ಓದಿದಳು, ಈ ಸಲ ನಡುಗದೆ: "'ಸ್ಪರ್ಧೆ ಯಾರ ಜೊತೆ? ಸಾವಿನ ಜೊತೇನಾ?'"

ಆಮೇಲೆ ಒಬ್ಬೊಬ್ಬರೇ ಬಾಯಿ ಬಿಟ್ಟರು. ತಾಲಾಸಿನ ಕಡೆಯ ಒಬ್ಬ ಕಮ್ಮಾರ, "ನಂದು ಯಾವತ್ತೂ ಮೂರು-ನಾಲ್ಕರ ಮೇಲೆ ಹೋಗಿಲ್ಲ ಕಣಪ್ಪ, ಆ ಬಣ್ಣದ ಕಾಗದ ವಾಪಸ್ ತಗೋ" ಎಂದ. ಇನ್ನೊಬ್ಬ ತಾನು ಹೋದವಾರ ಊರಲ್ಲೇ ಇರಲಿಲ್ಲ, ಆದರೂ ಐದು-ಒಂಬತ್ತು ಬಂದಿದೆ ಎಂದು ಒಪ್ಪಿಕೊಂಡ. ನಾಚಿಕೆ ಎಲ್ಲರ ದನಿಯಲ್ಲೂ ಇತ್ತು. ಕಾಗದ ಗೋಡೆಗೆ ಹಚ್ಚಿಕೊಂಡವರು ಅವರೇ ತಾನೆ.

"ನೀವೇ ನಡೆಸಿ, ಎಜೆ," ಎಂದ ಕುಬಾತ್.

ಬೇಡವೆನ್ನುವ ಶಿಷ್ಟಾಚಾರ ಬುರುಲ್‌ಗೆ ಗೊತ್ತಿತ್ತು. ಆದರೆ ಅದಕ್ಕೆ ಪುರುಸೊತ್ತಿರಲಿಲ್ಲ. ತಗೊಂಡೆ ಎಂದು ಕುಟ್ಟಿದಳು. ಮೊದಲಿಂದ ಶುರು ಎಂದು ಕುಟ್ಟಿದಳು. ಮೂರು ವ್ಯಾಟಿನಿಂದ, ಝೈನಾಳ ಬಾಯಿಂದ, ಹತ್ತೊಂಬತ್ತು ಹೆಸರು ಕರೆದು, ಪ್ರತಿಯೊಬ್ಬನನ್ನೂ ಕೇಳಿ ನಿಜವಾದ ಅಂಕ ಹೇಳುವಷ್ಟರಲ್ಲಿ ಒಂಬತ್ತು ಗಂಟೆ ದಾಟಿತು. ಮೊದಲನೆಯ ಹೆಸರು ಶಾರ್ಶೆನ್‌ನದು. ಮುದುಕ ತಾನೇ ಕೀಲಿ ಹಿಡಿದು ಕುಟ್ಟಿದ: ಹಿಮ ನೂರಾ ಹತ್ತು, ಗಾಳಿ ಇಲ್ಲ, ನಾನು ಇದೀನಿ.

ಕಡೆಯವನು ಕುಬಾತ್. "ನಂದೆಷ್ಟು?" ಎಂದು ಮೆಲ್ಲಗೆ ಕೇಳಿದ. ಮೆಲ್ಲಗೆ ಕೇಳಿದರೂ ಪೆಟ್ಟಿಗೆಯ ತಗಡು ಅದುರಿತು.

ಬುರುಲ್ ಕಿವಿಗೊಟ್ಟು ಕೇಳಿ ಕುಟ್ಟಿದಳು: ಸದ್ದಿಗೆ ಒಂಬತ್ತು, ಮಾತಿಗೆ ಮೂರು.

ಶಾರ್ಶೆನ್‌ನನ್ನು ಕಂಬಳಿಯಲ್ಲಿ ಸುತ್ತಿ ಜೀಪಿನ ಹಿಂದೆ ಮಲಗಿಸಿ ಇಳಿಯತೊಡಗಿದರು. ಮೊದಲ ತಿರುವು ದಾಟಿದರೂ ಬುರುಲ್‌ನ ಮುಖದ ಕೆಂಪು ಹಾಗೇ ಇತ್ತು.

"ಇನ್ನೂ ಇಳೀಲಿಲ್ವಾ ಸಿಟ್ಟು?" ಎಂದ ಜೋಲ್ದೋಶ್. "ಅವನಿಗೆ ಸರಿಯಾಗಿ ಆಯ್ತಲ್ಲ."

"ಅವನ ಮೇಲಿಂದು ಇಳೀತು," ಎಂದಳು. "ಎರಡು ದಿನ ತೊಟ್ಟಿಲ ಮನೇಲಿ ಕೂತು ಕುರಿ ತಿಂದೆನಲ್ಲ, ಆ ಹೆಂಗಸಿನ ಮೇಲೆ ಇನ್ನೂ ಇದೆ. ನೀನು ದಾರಿ ನೋಡ್ಕೊಂಡು ಓಡಿಸು."