ಮೊದಲಾಳಿಯ ಮನೆಗೆ ಹೋದ ಕ್ಯಾರಿಯರ್

ಕೋವಿಡ್ ಕಳೆದು ಎರಡು ವರ್ಷವಾಗಿತ್ತು. ಆಗ ನಾನು ಚೆನ್ನೈನ ಅಂಬತ್ತೂರು ಕೈಗಾರಿಕಾ ವಸಾಹತಿನಲ್ಲಿ, ವಾಹನಗಳಿಗೆ ಸ್ಪ್ರಿಂಗ್ ತಯಾರಿಸುವ ಕಾರ್ಖಾನೆಯೊಂದರ ಪರ್ಸನೆಲ್ ಮ್ಯಾನೇಜರ್ ಆಗಿದ್ದೆ. ಹಾಜರಿ, ರಜೆ, ಜಗಳ, ಕ್ಯಾಂಟೀನು ಎಲ್ಲವೂ ನನ್ನ ತಲೆಗೇ. ನಿವೃತ್ತಿ ಹತ್ತಿರವಿತ್ತು. ಒಂದು ಬೆಳಿಗ್ಗೆ ಮೊದಲ ಪಾಳಿ ಶುರುವಾದ ಸ್ವಲ್ಪ ಹೊತ್ತಿಗೆ ಮಾಲೀಕರ ಮಗ ಕಿರಣ್ ಫೋನ್ ಮಾಡಿದ. ಅಪ್ಪ ವಾಕಿಂಗ್ ಹೋದವರು ಪಾರ್ಕಿನಲ್ಲೇ ಕುಸಿದರು, ಆಸ್ಪತ್ರೆ ಸೇರುವಷ್ಟರಲ್ಲಿ ಮುಗಿದಿತ್ತು ಎಂದ. ನಾನು "ಸರಿ" ಎಂದೆ.

ಮಾಲೀಕರು ಪುಟ್ಟಸ್ವಾಮಿಯವರು, ಮಂಡ್ಯದ ಕಡೆಯವರು. ಕಾರ್ಮಿಕರ ಬಾಯಲ್ಲಿ ಮಾತ್ರ ಎಂದೆಂದೂ ತಮಿಳಿನ ಮೊದಲಾಳಿ, ಅಂದರೆ ಯಜಮಾನ. ಮದರಾಸಿಗೆ ಬಂದಾಗ ಲೇತ್ ಮೆಷಿನ್ನಿಗೆ ಎಣ್ಣೆ ಹಾಕುವ ಕೆಲಸ. ಆಮೇಲೆ ಬಾಡಿಗೆ ಶೆಡ್ಡಿನಲ್ಲಿ ಕೈಯಿಂದ ತಿರುಗಿಸುವ ಒಂದೇ ಒಂದು ಯಂತ್ರ. ಆಮೇಲೆ ಈ ಕಾರ್ಖಾನೆ. ಪೆರುಂಗುಡಿಯ ದೊಡ್ಡ ಹೋಟೆಲಿನಲ್ಲಿ ಗಿರಾಕಿಗಳ ಜೊತೆ ರಾತ್ರಿ ಊಟಕ್ಕೆ ಕರೆದರೆ ಒಂದು ಲೋಟ ಮಜ್ಜಿಗೆ ಕುಡಿದು ಎದ್ದುಬಿಡುತ್ತಿದ್ದರು. ಮನೆಯಲ್ಲಿ ಹೆಂಡತಿ ಜಯಮ್ಮ ಉಣ್ಣದೆ ಕಾಯುತ್ತಿರುತ್ತಾರೆ ಎನ್ನುವುದು ಕಾರಣ. ಇದರಿಂದ ಆರ್ಡರ್ ತಪ್ಪುತ್ತದೆಂದು ಮಾರ್ಕೆಟಿಂಗಿನವರು ನನ್ನ ಹತ್ತಿರ ಗೋಳಾಡುತ್ತಿದ್ದರು. ಆರ್ಡರೇನೂ ತಪ್ಪಲಿಲ್ಲ.

ಅವರದೊಂದು ಪದ್ಧತಿಯಿತ್ತು. ಕಾರ್ಮಿಕರಲ್ಲಿ ಯಾರ ಮನೆಯಲ್ಲೇ ಸಾವಾಗಲಿ, ಅಂತ್ಯಕ್ರಿಯೆ ಮುಗಿದ ಮೇಲೆ ನಮ್ಮ ಕ್ಯಾಂಟೀನಿನಿಂದ ಮೂರು ದಿನ ಆ ಮನೆಗೆ ಊಟ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಊರಾದರೆ ನೆಂಟರು, ನೆರೆಯವರು ತಂದುಕೊಡುತ್ತಾರೆ, ಹೊಟ್ಟೆಪಾಡಿಗೆ ಬಂದು ಸೇರಿದ ಜಾಗದಲ್ಲಿ ಯಾರು ತರಬೇಕು? ಎತ್ತರದ ದೊಡ್ಡ ಸ್ಟೀಲ್ ಕ್ಯಾರಿಯರಿನಲ್ಲಿ ಅನ್ನ, ರಸ, ಪಲ್ಯ ತುಂಬಿಸಿಕೊಂಡು ಮೊದಲ ದಿನ ಅವರೇ ಹೋಗುತ್ತಿದ್ದರು. ದಾರಿಯಲ್ಲಿ ತಮ್ಮ ಮನೆಯ ಮುಂದೆ ಕಾರು ನಿಲ್ಲಲೇಬೇಕು. ಕ್ಯಾಂಟೀನಿನ ಮೊಸರು ಹುಳಿ ಎಂದು ಜಯಮ್ಮ ಮನೆಯ ಮೊಸರು ಕೊಡುತ್ತಿದ್ದರು.

ಇದರ ಮೂಲವನ್ನು ಅವರೇ ಒಮ್ಮೆ ಹೇಳಿದ್ದರು. ಲೇತ್ ಕೆಲಸದ ಕಾಲದಲ್ಲಿ, ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಅವರ ತಾಯಿ ತೀರಿಕೊಂಡರು. ಸುಟ್ಟು ಬಂದು ಹೋಟೆಲಿನ ಪೊಟ್ಟಣ ಬಿಚ್ಚಿದರೆ ಗಂಡ ಹೆಂಡತಿ ಇಬ್ಬರಿಗೂ ಗಂಟಲಲ್ಲಿ ಇಳಿಯಲಿಲ್ಲ. ಆಗ ಬಾಡಿಗೆ ಮನೆಯ ಒಡತಿ, ಕನ್ನಡವೇ ಬಾರದ ಹೆಂಗಸು, ತನ್ನ ಪಾತ್ರೆಯಲ್ಲಿ ರಸದನ್ನ ತಂದು, ಇಬ್ಬರೂ ಉಂಡು ಮುಗಿಸುವ ತನಕ ಎದುರಿಗೆ ಸುಮ್ಮನೆ ಕೂತಿದ್ದಳಂತೆ. ಮೊದಲ ಸಲ ಅವರ ಜೊತೆ ಹೊರಟಾಗ, ಸಮಾಧಾನದ ಮಾತು ಯೋಚಿಸುತ್ತಿದ್ದ ನನ್ನ ಮುಖ ನೋಡಿ ಅವರು ಅಂದಿದ್ದರು: "ಮಾತಾಡಕ್ ಹೋಗ್ಬೇಡಿ ಕಣಮ್ಮ. ಬಡಿಸಿ, ಉಂಡೇಳೋಗಂಟ ಕೂತಿರಿ. ಅಷ್ಟೇಯ."

ಅವರು ತೀರಿಕೊಂಡ ದಿನ ನಾನು ಯಂತ್ರದಂತೆ ಕೆಲಸ ಮಾಡಿದೆ. ನೋಟಿಸ್ ಟೈಪ್ ಮಾಡಿದೆ, ಅವರ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಎರಡೆರಡು ಸಲ ನೋಡಿದೆ. ಹಾರಕ್ಕೆ ಹೇಳಿದೆ, ಕಾರ್ಮಿಕರನ್ನು ಅಂತಿಮ ದರ್ಶನಕ್ಕೆ ಕರೆದೊಯ್ಯಲು ಬಸ್ಸುಗಳಿಗೆ ಹೇಳಿದೆ. ಸ್ಪ್ರಿಂಗುಗಳನ್ನು ಹದಕ್ಕೆ ಕಾಯಿಸುವ ಫರ್ನೇಸನ್ನು ಒಮ್ಮೆಲೇ ಆರಿಸುವಂತಿಲ್ಲ, ಅದಕ್ಕೆಂದು ನಾಲ್ವರನ್ನು ಉಳಿಸಿಕೊಂಡೆ. ಉಳಿದವರಿಗೆಲ್ಲ ರಜೆ, ಕ್ಯಾಂಟೀನಿಗೂ ರಜೆ. ಅಳು ಬರಲಿಲ್ಲ. ದುಃಖವೂ ಆಗಲಿಲ್ಲ ಎಂದರೆ ನಂಬುತ್ತೀರೋ ಇಲ್ಲವೋ. ಮೈಯೆಲ್ಲ ಮರಗಟ್ಟಿದ ಹಾಗಿತ್ತು, ಅಷ್ಟೆ.

ಸಂಜೆ ಅಂತ್ಯಕ್ರಿಯೆ ಮುಗಿದ ಮೇಲೆ ಕಿರಣ್ ಮತ್ತೆ ಫೋನ್ ಮಾಡಿದ. ಚೆನ್ನೈನಲ್ಲೇ ಹುಟ್ಟಿ ಓದಿದ ಹುಡುಗ, ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. "ಅಮ್ಮಾ ಒಣ್ಣುಮೇ ಸಾಪ್ಪಿಡಲೆ, ಆಂಟಿ" ಎಂದ. ಅಮ್ಮ ಏನನ್ನೂ ತಿಂದಿಲ್ಲವಂತೆ. ಜಯಮ್ಮ ಸಕ್ಕರೆ ಕಾಯಿಲೆಯವರು. ಬೆಳಿಗ್ಗೆ ಇನ್ಸುಲಿನ್ ಚುಚ್ಚಿಕೊಂಡು ತಿಂಡಿಗೆ ಕೂರುವ ಹೊತ್ತಿಗೆ ಸುದ್ದಿ ಬಂದಿದೆ. ಮಗಳು ಬಲವಂತದಿಂದ ಕುಡಿಸಿದ ಸಕ್ಕರೆ ನೀರು ಬಿಟ್ಟರೆ ಹೊಟ್ಟೆಗೆ ಏನೂ ಬಿದ್ದಿಲ್ಲ. ಸಕ್ಕರೆ ಮತ್ತೆ ಇಳಿಯುತ್ತಿದೆ, ಕಣ್ಣು ಮುಚ್ಚಿಹೋಗುತ್ತಿದೆ, ಈಗಲೇ ಅನ್ನ ಇಳಿಯದಿದ್ದರೆ ಆಸ್ಪತ್ರೆಗೆ ಸೇರಿಸಿ ಎಂದಿದ್ದಾರೆ ಡಾಕ್ಟರು. ಹೋಟೆಲಿನಿಂದ ತರಿಸಿದ್ದನ್ನು ಮುಟ್ಟಿಯೂ ನೋಡಿಲ್ಲ.

ಹೋಟೆಲು ಎಂಬ ಮಾತು ಕಿವಿಗೆ ಬಿದ್ದಾಗಲೇ, ಈ ಮನೆಗೆ ನಮ್ಮ ಊಟ ಹೋಗಿಲ್ಲವೆಂದು ನನಗೆ ಹೊಳೆದದ್ದು. ಮುನ್ನೂರು ಜನರ ಕಾರ್ಖಾನೆಯಲ್ಲಿ ಒಬ್ಬರಿಗೂ ನೆನಪಾಗಿರಲಿಲ್ಲ. ಊಟ ಕಳಿಸಿ ಎಂದು ಪ್ರತಿಸಲ ಹೇಳುತ್ತಿದ್ದವರು ಅವರು. ಈ ಸಲ ಹೇಳುವವರು ಇರಲಿಲ್ಲ.

ಕ್ಯಾಂಟೀನಿನ ಅಡುಗೆಯ ಆರುಮುಗಂ ಪಕ್ಕದ ಪಾಡಿ ಬಡಾವಣೆಯಲ್ಲಿದ್ದ. ಫೋನಿನಲ್ಲಿ ವಿಷಯ ಹೇಳಿದೆ. ಅವನು ಕೂಡಲೇ ಬಂದು ಒಲೆ ಹಚ್ಚಿದ. ಅನ್ನ, ಮೆಣಸಿನ ರಸ, ಬೀನ್ಸ್ ಪಲ್ಯ. ಕ್ಯಾರಿಯರನ್ನು ಮಡಿಲಲ್ಲಿಟ್ಟುಕೊಂಡು ಅಣ್ಣಾನಗರದ ಅವರ ಮನೆಗೆ ಹೋದೆ. ಸೀರೆಯ ಮೂಲಕ ತೊಡೆಗೆ ಬಿಸಿ ತಾಗುತ್ತಿತ್ತು. ಬೆಳಿಗ್ಗೆಯಿಂದ ನನ್ನ ಮೈಗೆ ಗೊತ್ತಾದದ್ದು ಅದೊಂದೇ.

ಜಯಮ್ಮ ನಡುಮನೆಯಲ್ಲಿ ಗೋಡೆಗೊರಗಿ ಕೂತಿದ್ದರು. ಬಂದವರ ಮುಖಗಳನ್ನು ಅವರು ನೋಡುತ್ತಿರಲಿಲ್ಲ. ನಾನು ಕ್ಯಾರಿಯರನ್ನು ನೆಲಕ್ಕಿಟ್ಟೆ. ಅವರ ಕಣ್ಣು ಅದರ ಮೇಲೆ ನಿಂತಿತು.

"ಯಾರ್ ಮನೇಲಿ ಸಾವಾಯ್ತಮ್ಮ?" ಎಂದು ಕೇಳಿದರು.

ಅವರು ಗೋಡೆ ಹಿಡಿದು ಎದ್ದರು. ಫ್ರಿಜ್ಜಿನಿಂದ ಮೊಸರಿನ ಪಾತ್ರೆ ತೆಗೆದು, ತಟ್ಟೆ ಮುಚ್ಚಿ ತಂದು, ಕ್ಯಾರಿಯರಿನ ಪಕ್ಕ ಇಟ್ಟರು. "ಬಿರ್ನೆ ತಗೊಂಡೋಗಿ. ಪಾಪ, ಎಷ್ಟೊತ್ತಿಂದ ಹಸ್ಕೊಂಡವ್ರೋ."

ಕಿರಣ್ ಅವರ ಭುಜ ಹಿಡಿದುಕೊಂಡ. "ಅಪ್ಪಾ ತಾಮ್ಮಾ" ಎಂದ. ಹೋದದ್ದು ಅಪ್ಪನೇ ಕಣಮ್ಮ, ಎಂದು.

ಅವರು ಮಗನ ಮುಖ ನೋಡಿದರು, ಆಮೇಲೆ ಮೊಸರಿನ ಪಾತ್ರೆ ನೋಡಿದರು, ಅಲ್ಲೇ ಅದರ ಎದುರಿಗೆ ಕೂತರು. ನನ್ನ ಬಾಯಲ್ಲಿ ಏನೇನೋ ಮಾತು ಬಂದು ನಿಂತಿತ್ತು. ಆಡಲಿಲ್ಲ. ತಟ್ಟೆಗೆ ಅನ್ನ ಹಾಕಿ ರಸ ಬಿಟ್ಟೆ. ತುಂಬ ಹೊತ್ತು ಕಲಸುತ್ತಲೇ ಇದ್ದರು, ಆಮೇಲೆ ಒಂದು ತುತ್ತು ಬಾಯಿಗೆ ಹೋಯಿತು. ಎರಡನೆಯ ಸಲ ಬಡಿಸುವಾಗ ಬೇಡವೆನ್ನಲಿಲ್ಲ. ಕೊನೆಗೆ ಅವರ ಮನೆಯ ಮೊಸರನ್ನು ಅವರಿಗೇ ಬಡಿಸಿದೆ.

ಇಷ್ಟು ವರ್ಷದ ನೌಕರಿ ನನಗೆ ಕಲಿಸಿದ್ದು ಇದು: ಎಲ್ಲರ ಮನೆಗೂ ಊಟ ಹೊರುವವನ ಮನೆಗೆ ಊಟ ಹೊರುವ ಕೆಲಸವನ್ನು ಯಾರಿಗೂ ವಹಿಸಿರುವುದಿಲ್ಲ. ಅದನ್ನು ಅವನಿರುವಾಗಲೇ ಯಾರಾದರೂ ವಹಿಸಿಕೊಂಡಿರಬೇಕು.

ಹೊರಡುವಾಗ ಜಯಮ್ಮ ಬಾಗಿಲ ತನಕ ಬಂದರು. ಖಾಲಿ ಕ್ಯಾರಿಯರಿನ ಹಿಡಿ ಮುಟ್ಟಿ ನೋಡಿದರು.

"ನಾಳೀಕೂ ತತ್ತೀರಲ್ವಾ? ಮೂರು ದಿನ ಕೊಡ್ಬೇಕು ಅಂತಿದ್ರು ಅವ್ರು."

"ಸರಿ ಅಮ್ಮ" ಎಂದೆ. ಕಾರು ಹತ್ತಿದ ಮೇಲೆ ಅಳು ಬಂತು.