ಬಿಗಿ ತಂತಿಯ ಮನೆತನ

ಕಮಲಾಪುರದ ಚಾಂದಪಾಶಾನ ಅಜ್ಜ ಹುಸೇನಸಾಬ ನಿಜಾಮರ ಕಾಲದಲ್ಲಿ ಹುಮನಾಬಾದ ದಾರಿಗುಂಟ ಟೆಲಿಗ್ರಾಫ್ ತಾರಿನ ಕಂಬ ನೆಟ್ಟವನು. ಬಂಡೆ ಅಡ್ಡ ಬಂದರೂ ಕಂಬದ ಸಾಲು ಸೊಟ್ಟಗಾಗಲು ಬಿಟ್ಟವನಲ್ಲ. ಅಪ್ಪ ನಬಿಸಾಬ ಬಿರುಗಾಳಿಯಲ್ಲಿ ಕಂಬವೇರಿ ಹರಿದ ಟೆಲಿಫೋನ್ ತಂತಿ ಕಟ್ಟಿದ ಗಂಡಾಳು. ಕೈಕೆಳಗೆ ಕೆಲಸ ಕಲಿಯುತ್ತಿದ್ದ ಮಗ ಎಳೆದ ತಂತಿ ತುಸು ಜೋತರೂ, "ಏನೋ ಇದು, ಅರಿಬಿ ಒಣಾ ಹಾಕೋ ಹಗ್ಗೇನು?" ಎಂದು ಹತ್ತು ಮಂದಿಯೆದುರು ಜರೆಯುತ್ತಿದ್ದ.

ಆ ಮಾತು ಕೇಳಿಯೇ ಬೆಳೆದ ಚಾಂದಪಾಶಾ, ಎರಡು ಸಾವಿರದ ಆರರ ಹೊತ್ತಿಗೆ ಗಾಜಿನೆಳೆಯ ಕೇಬಲ್ ಹೂಳುವ ಮೇಸ್ತ್ರಿಯಾದ. ಕಲಬುರಗಿಯ ಕಾಲೇಜು, ಕಚೇರಿ, ದವಾಖಾನೆಗಳನ್ನು ಸುತ್ತಲ ಊರುಗಳೊಂದಿಗೆ ಒಂದೇ ಬ್ರಾಡ್‌ಬ್ಯಾಂಡ್ ಜಾಲದಲ್ಲಿ ಕೂಡಿಸುವ ಕೆಲಸ ಅದು. ಮುಂದೆ ಹರಿದರೆ ಎಳೆದು ಜೋಡಿಸಲು ಬರಲೆಂದು ಪ್ರತಿ ಗುಂಡಿಯಲ್ಲೂ ಒಂದು ಸುರುಳಿ ಸಡಿಲ ಬಿಡಬೇಕೆಂದು ಇಂಜಿನಿಯರ್ ಜಯತೀರ್ಥರು ಹೇಳಿದ್ದರು. ದಾರಿಯುದ್ದಕ್ಕೂ ಬಿಟ್ಟ. ತನ್ನೂರ ಸೀಮೆ ಬಂದಾಗ ಮಾತ್ರ ಅವನ ಕೈ ಕೇಳಲಿಲ್ಲ. ಅಪ್ಪನ ಕಂಬ ನಿಂತ ನೆಲದಲ್ಲೇ ಜೋಲು ಬಿಡುವುದೇ? ಕೇಬಲ್ಲನ್ನು ಬಿಗಿಯಾಗಿ ಎಳೆದು ಮಣ್ಣು ಮುಚ್ಚಿಸಿಬಿಟ್ಟ.

ಕಲಬುರಗಿಯಲ್ಲಿ ಕೂತ ಮಾಸ್ತರರು ಕಮಲಾಪುರದ ಕಾಲೇಜಿನ ಪರದೆಯ ಮೇಲೆ ಪಾಠ ಹೇಳತೊಡಗಿದರು. ಮಗಳು ಮುನೀರಾ ಅದರ ಮುಂದೆ ಕೂತಾಗ ಅವನ ಎದೆಯುಬ್ಬಿತ್ತು.

ಮರುವರ್ಷ ಪರೀಕ್ಷೆ ಹತ್ತಿರ ಬಂದಿರಲು, ರಸ್ತೆ ಅಗಲ ಮಾಡುತ್ತಿದ್ದ ಸಾಯಬಣ್ಣನ ಜೆಸಿಬಿಗೆ ಕೇಬಲ್ ಸಿಕ್ಕು ತುಂಡಾಯಿತು. ಜಯತೀರ್ಥರು ಓಡಿ ಬಂದು ಚಾಂದಪಾಶಾನಿಂದಲೇ ಗುಂಡಿ ತೆಗೆಸಿದರು.

"ಸುರುಳಿ ಎಲ್ಲೋ?"

"ಇಲ್ರಿ."

"ಇಲ್ಲ ಅಂದ್ರ? ನೆಲ ನುಂಗ್ತೇನು?"

ಜೆಸಿಬಿ ಮೇಲಿಂದ ಸಾಯಬಣ್ಣ ಬಗ್ಗಿ ನೋಡಿದ. "ಹಿಂಗ ಬಿಗದೀಯಲ್ಲೋ ಮಾರಾಯಾ! ಭಜನಿಗೆ ಏಕತಾರಿ ಬಾರಸಾಕ ಎಳದಿದ್ದೇನು?"

ತುಂಡಾದ ತುದಿಗಳು ಒಂದಕ್ಕೊಂದು ಎಟುಕಲಿಲ್ಲ. ಸುರುಳಿ ಇದ್ದಿದ್ದರೆ ಸಂಜೆಯೊಳಗೆ ಮುಗಿಯುವ ಕೆಲಸ. ಈಗ ಹೊಸ ಕೇಬಲ್ ಬರಬೇಕು. ಅಲ್ಲಿಯವರೆಗೆ ಕಾಲೇಜಿನ ಪರದೆ ಕುರುಡು, ದವಾಖಾನೆಯದೂ ಕುರುಡು. ಕಾಲೇಜಿನಿಂದ ಮರಳುತ್ತಿದ್ದ ಹುಡುಗಿಯರ ನಡುವೆ ಮುನೀರಾ ಅಪ್ಪನನ್ನು ನೋಡದೆ ತಲೆ ತಗ್ಗಿಸಿ ದಾಟಿದಳು. ಅದು ಅವನಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು.

ಜಯತೀರ್ಥರು ಅವನನ್ನು ಹುಣಸೆಮರದ ಬದಿಗೆ ಕರೆದೊಯ್ದರು.

"ಇದು ಗೊತ್ತಾದ್ರ ಗುತ್ತಿಗೆದಾರ ನಿನ್ನ ಕೆಲಸದಿಂದ ತೆಗೀತಾನ. ಸುರುಳಿ ಇತ್ತು, ಮಷಿನ್ನು ಅದನ್ನೂ ಕಿತ್ತಕೊಂಡು ಹೋತು ಅಂತ ನಾ ಹೇಳ್ತೀನಿ. ತಪ್ಪೆಲ್ಲ ಸಾಯಬಣ್ಣನ ಮ್ಯಾಲ ಹೋಗ್ತದ. ನಿಮ್ಮಪ್ಪನ ಕೆಲಸ ನೋಡಿದಾವ ನಾನು. ನೀ ಸುಮ್ನಿರು, ಸಾಕು."

ಚಾಂದಪಾಶಾ ತಿರುಗಿ ನೋಡಿದ. ಸಾಯಬಣ್ಣ ಏನೂ ಅರಿಯದೆ ಬಕೆಟ್ಟಿಗೆ ಮೆತ್ತಿದ ಮಣ್ಣು ಕೆರೆಯುತ್ತಿದ್ದ.

"ಬ್ಯಾಡ್ರಿ ಸಾಹೇಬ್ರ. ಅವನ ಹೊಟ್ಟಿ ಮ್ಯಾಲ ಕಾಲಿಟ್ಟು ನಾ ಉಳೀಲಾರೆ. ಅಪ್ಪನ ಹೆಸರಿಗಂತ ಬಿಗಿ ಎಳದಾವ ನಾ. ಅದೇ ಹೆಸರಿನ ಮ್ಯಾಲ ಸುಳ್ಳು ಹೇಳಸಬ್ಯಾಡ್ರಿ. ಗುತ್ತಿಗೆದಾರಗ ನಾನೇ ಹೋಗಿ ಹೇಳ್ತೀನಿ. ನೀವು ಜೋಡಿ ಬರಬ್ಯಾಡ್ರಿ."