ಗುಡೂರಿನ ಗಟಾರ

"ಸೇವಾ ಮಾಡ್ರಲೇ, ನಾಕ ಮಂದಿ ಪರಿಚಯ ಆಗ್ತಾರ, ಮುಂದ ನೌಕರಿಗೆ ಬರ್ತೈತಿ" ಅಂತ ಬಾಗಲಕೋಟಿ ಕಾಲೇಜಿನ ನಮ್ಮ ಮಾಸ್ತರು ಗುಡೂರಿಗೆ ಶ್ರಮದಾನಕ್ಕ ಕರಕೊಂಡು ಹೋದ್ರು. ನಾವು ಭಾಳ ಹುಮ್ಮಸ್ಸಿಲೆ ಒಂದು ಗಟಾರ ತೋಡಿ, ಶೇಂಗಾ ಹೋಳಿಗಿ ಉಂಡು ಬಂದ್ವಿ.

ಮುಂದ ಹುನಗುಂದದಾಗ ಕಾರಕೂನ ನೌಕರಿಗೆ ಸಂದರ್ಶನ. ಸೇವಾ ಏನ್ ಮಾಡೀರಿ ಅಂತ ಸಾಹೇಬ್ರು ಕೇಳಿದ್ರು.

"ಗುಡೂರಾಗ ಹಣಮಪ್ಪನ ಗುಡಿ ಮುಂದ ಗಟಾರ ತೋಡೇನ್ರಿ" ಅಂತ ಎದಿ ಉಬ್ಬಿಸಿದೆ.

ಸಾಹೇಬ್ರು ಕನ್ನಡಕ ತಗದ್ರು. "ಅದರ ನೀರು ಎಲ್ಲಿ ಹೋಗ್ತೈತಿ?"

"ಹಳ್ಳಕ್ಕರಿ."

"ನಮ್ಮ ಅಡಗಿಮನಿಗೆ."

ನೌಕರಿ ಹೋತು ಅಂದ್ಕೊಂಡೆ. ಸಿಕ್ತು! ಪರಿಚಯದ ಬಗ್ಗೆ ಮಾಸ್ತರು ಹೇಳಿದ್ದು ಖರೇನ. ಮೊದಲನೇ ಐತವಾರನ ಸಾಹೇಬ್ರು ನನ್ನನ್ನ ಗುಡೂರಾಗಿನ ತಮ್ಮ ಮನಿಗೆ ಕರಕೊಂಡು ಹೋಗಿ, ಕೈಯಾಗ ಸಲಿಕಿ ಕೊಟ್ಟು, ಒಳಗ ತಾಯಿಗೆ ಕೂಗಿ ಹೇಳಿದ್ರು: "ಅವ್ವಾ, ಸಿಕ್ಕ ನೋಡು!"